ವಿಂಡೋಸ್ 7 ಹಳೇ ಸಿಪಿಯು: ಸ್ಟಾರ್ಟಪ್ ರಿಪೇರಿ ಆಗ್ತಿಲ್ಲ, ಸಿಸ್ಟಮ್ ರಿಸ್ಟೋರ್ ಮಾಡಿದ್ರೂ ಅದೇ ಕಥೆ

ಕಾನ್ಮನೆ · ಜೂನ್ 7, ರಾತ್ರಿ 9:12

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಿಂದ ಬರೀತಾ ಇದ್ದೇನೆ. ಮನೇಲಿ 2011ರಲ್ಲಿ ಜೋಡಿಸಿ ತಂದ ಸಿಪಿಯು ಇದೆ. ಐ3 2100, ಎಚ್61 ಬೋರ್ಡು, 4 ಜಿಬಿ ರ‍್ಯಾಮು, 500 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ 7. ಬಳಸೋದು ಅಪ್ಪ ಒಬ್ಬರೇ. ರಿಟೈರ್ ಆದ ಮೇಷ್ಟ್ರು. ತಾಳಮದ್ದಳೆ ಅರ್ಥದ ಟಿಪ್ಪಣಿ, ಮನೆತನದ ವಂಶಾವಳಿ, ಅಡಿಕೆ ಲೆಕ್ಕ ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅದರಲ್ಲೇ ಇಟ್ಟಿದ್ದಾರೆ. ಬೇರೆ ಕಡೆ ಕಾಪಿ ಇಲ್ಲ (ಬೈಯಬೇಡಿ, ಗೊತ್ತು).

ಹತ್ತು ದಿನ ಮದುವೆ ತಿರುಗಾಟ ಮುಗಿಸಿ ಬಂದು ಆನ್ ಮಾಡಿದರೆ ವಿಂಡೋಸ್ ಚಿತ್ರ ಬರುತ್ತದೆ, ನೀಲಿ ಪರದೆ ಒಂದು ಕ್ಷಣ ಮಿಂಚಿ ಮಾಯ, ಮತ್ತೆ ರೀಸ್ಟಾರ್ಟ್. ಆಮೇಲೆ ಸ್ಟಾರ್ಟಪ್ ರಿಪೇರಿ ತಾನಾಗಿ ತೆರೆದುಕೊಂಡು ಕಾಲು ಗಂಟೆ ಹುಡುಕಿ, ಈ ಕಂಪ್ಯೂಟರನ್ನು ರಿಪೇರಿ ಮಾಡಲು ಆಗುವುದಿಲ್ಲ ಅನ್ನುತ್ತದೆ. ಸಿಸ್ಟಮ್ ರಿಸ್ಟೋರ್‌ನಲ್ಲಿ ಮೇ ತಿಂಗಳ ಒಂದು ಪಾಯಿಂಟ್ ಸಿಕ್ಕಿತು, ಹಾಕಿದೆ. ಯಶಸ್ವಿಯಾಗಿ ಮುಗಿದಿದೆ ಅಂತಲೂ ಹೇಳಿತು. ರೀಸ್ಟಾರ್ಟ್ ಆದಮೇಲೆ ಮತ್ತದೇ ನೀಲಿ.

ಪೇಟೆಯ ಅಂಗಡಿಯಲ್ಲಿ ಫೋನಲ್ಲೇ ಕೇಳಿದೆ. ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, 500 ರೂಪಾಯಿ ಅಂದರು. ಅಪ್ಪ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಏನಾದರೂ ದಾರಿ ಇದೆಯಾ?

---

ಪುಟ್ಟಸ್ವಾಮಿ ಪಿಸಿ · ಜೂನ್ 7, ರಾತ್ರಿ 9:31

ಮೊದಲು ರ‍್ಯಾಮ್ ಬಿಚ್ಚಿ ಇರೇಸರ್‌ನಲ್ಲಿ ಉಜ್ಜಿ ಹಾಕಿ. ಆಗಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡೀರಿ ಗುರು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ, ಅದನ್ನ ಇನ್ನೂ ಎಷ್ಟು ದಿನ ಸಾಕ್ತೀರಾ? ಡೇಟಾ ಡಿ ಡ್ರೈವ್‌ನಲ್ಲಿದ್ರೆ ಏನೂ ಆಗಲ್ಲ.

---

ಕಾನ್ಮನೆ · ಜೂನ್ 7, ರಾತ್ರಿ 9:40

ರ‍್ಯಾಮ್ ಉಜ್ಜಿ ಆಯ್ತು, ಅದು ಮೊದಲ ದಿನವೇ. ಅಪ್ಪನ ಫೈಲ್ ಎಲ್ಲ ಡೆಸ್ಕ್‌ಟಾಪ್ ಮೇಲೆ ಇದೆ ಸರ್, ಅಂದರೆ ಸಿ ಡ್ರೈವ್. ಡೆಸ್ಕ್‌ಟಾಪ್ ಚಿತ್ರ ಕಾಣದಷ್ಟು ಫೈಲ್.

---

ಸ್ಕ್ರೂಡ್ರೈವರ್ ಹುಬ್ಬಳ್ಳಿ · ಜೂನ್ 7, ರಾತ್ರಿ 10:05

ಅಲ್ರೀ ಪುಟ್ಟಸ್ವಾಮಿಯವರ, ಕೇಳಿದ ತಕ್ಷಣ ಫಾರ್ಮ್ಯಾಟ್ ಅಂದ್ರ ಹೆಂಗ್ರಿ? ಡೆಸ್ಕ್‌ಟಾಪ್ ಮ್ಯಾಲೆ ಮನಿತನದ ವಂಶಾವಳಿ ಐತಿ ಅಂತ ಹೇಳ್ಯಾರ.

ನಾನೂ ಅಂಗಡಿ ಇಟ್ಟಾಂವನ. ಫಾರ್ಮ್ಯಾಟ್ ಅಂತ ನಾವ್ಯಾಕ ಅಂತೀವಿ ಅಂದ್ರ, 500 ರೂಪಾಯಿಗೆ ಎರಡ್ ತಾಸು ಪತ್ತೇದಾರಿ ಕೆಲಸ ಯಾರಿಗೂ ಪರವಡಸೂದಿಲ್ರಿ. ಫಾರ್ಮ್ಯಾಟ್ ಹಚ್ಚಿ ಬಿಟ್ರ ಅದು ತನ್ನ ಪಾಡಿಗೆ ಓಡತಿರತೈತಿ, ನಾವು ಇನ್ನೊಂದು ಗಿರಾಕಿ ನೋಡಬಹುದು. ಅದರಾಗ ಮೋಸ ಇಲ್ಲ. ಆದ್ರ ನಿಮ್ಮ ಮನ್ಯಾಗಿನ ಮಷಿನ್ನು, ನಿಮ್ಮ ಟೈಮು. ನೀವು ಎರಡ್ ತಾಸು ಕೊಡಬಹುದು.

---

ಕರಾವಳಿ ಕಡ್ಡಿ · ಜೂನ್ 7, ರಾತ್ರಿ 10:22

ಒಂದು ವಿಷಯ ಮೊದಲು ತಲೆಯಲ್ಲಿ ಇಟ್ಕೊಳ್ಳಿ ಮಾರಾಯ್ರೆ. ರಿಕವರಿ ರಿಕವರಿ ಅಂತ ಎಲ್ಲರೂ ಹೇಳ್ತಾರೆ, ಯಾವುದರ ರಿಕವರಿ ಅಂತ ಯಾರೂ ಕೇಳುವುದಿಲ್ಲ. ವಿಂಡೋಸ್ ಎದ್ದು ಕೂರಬೇಕಾ, ಅಪ್ಪನ ಫೈಲ್ ಸಿಗಬೇಕಾ? ಎರಡೂ ಬೇರೆ ಬೇರೆ ಕೆಲಸ. ಒಂದನ್ನು ಮಾಡಲು ಹೋಗಿ ಇನ್ನೊಂದನ್ನು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನ ಭಾವನ ಲ್ಯಾಪ್‌ಟಾಪ್ ಹೀಗೇ ಏಳ್ತಿರಲಿಲ್ಲ. ಆನ್ ಆಗುವಾಗ ಒಂದು ಕೀ ಒತ್ತಿದರೆ ಸಿಸ್ಟಮ್ ರಿಕವರಿ ಅಂತ ಬರ್ತದೆ ಅಂತ ಯಾರೋ ಹೇಳಿದರು. ಒತ್ತಿದ. ನೆಕ್ಸ್ಟ್, ನೆಕ್ಸ್ಟ್, ಎಸ್. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಚೆಂದ ಎದ್ದಿತು, ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆ. ಆರು ವರ್ಷದ ಫೋಟೋ ಸಮೇತ ಎಲ್ಲ ಚೊಕ್ಕ. ಕಂಪನಿಯವರು ಡಿಸ್ಕಿನ ಮೂಲೆಯಲ್ಲಿ ಇಟ್ಟ ಫ್ಯಾಕ್ಟರಿ ಪ್ರತಿಯನ್ನು ಸಿ ಮೇಲೆ ಹೇರುವುದನ್ನೇ ಅವರು ರಿಕವರಿ ಅಂತ ಕರೆದದ್ದು.

ನೀವು ಮಾಡಿದ ಸಿಸ್ಟಮ್ ರಿಸ್ಟೋರ್ ಅದಲ್ಲ, ಹೆದರಬೇಡಿ. ಅದು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಪುಸ್ತಕ), ಡ್ರೈವರ್, ಸಿಸ್ಟಮ್ ಫೈಲುಗಳನ್ನು ಮಾತ್ರ ಹಿಂದಕ್ಕೆ ತಿರುಗಿಸ್ತದೆ, ಅಪ್ಪನ ಬರಹಕ್ಕೆ ಕೈ ಹಾಕುವುದಿಲ್ಲ. ಇನ್ನು ಮುಂದೆ ಡಿಸ್ಕಿಗೆ ಬರೆಯುವ ಯಾವ ಕೆಲಸವೂ ಬೇಡ. ಮೊದಲು ಕಾಪಿ.

---

ಪುಟ್ಟಸ್ವಾಮಿ ಪಿಸಿ · ಜೂನ್ 7, ರಾತ್ರಿ 10:30

ಸರಿ ಸರಿ. ಹಾಗಾದ್ರೆ ರಿಪೇರಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್‌ಗೆ (ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ) ಹೋಗಿ ಚೆಕ್‌ಡಿಸ್ಕ್, ಪಕ್ಕದಲ್ಲಿ ಸ್ಲ್ಯಾಶ್ ಆರ್. ಬ್ಯಾಡ್ ಸೆಕ್ಟರ್ (ಡಿಸ್ಕಿನ ಕೆಟ್ಟ ಜಾಗ) ಇದ್ರೆ ಸರಿ ಮಾಡುತ್ತೆ.

---

ಕರಾವಳಿ ಕಡ್ಡಿ · ಜೂನ್ 7, ರಾತ್ರಿ 10:34

ಬೇಡ ಅಂತ ಈಗ ತಾನೇ ಹೇಳಿದ್ದಲ್ಲವಾ. ಡಿಸ್ಕ್ ಸಾಯ್ತಾ ಇದ್ದರೆ ಚೆಕ್‌ಡಿಸ್ಕ್ ಅದನ್ನು ತುದಿಯಿಂದ ತುದಿಯವರೆಗೆ ಓಡಿಸಿ ಕೊಲ್ತದೆ. ಅದರ ಕೆಲಸ ಫೈಲ್ ವ್ಯವಸ್ಥೆಯನ್ನು ಒಪ್ಪ ಮಾಡುವುದು, ಫೈಲನ್ನು ಉಳಿಸುವುದಲ್ಲ. ಲೆಕ್ಕ ತಾಳೆಯಾಗದ ಫೈಲನ್ನು ಕತ್ತರಿಸಿ ಚೂರು ಮಾಡಿ ಬದಿಗೆ ಹಾಕ್ತದೆ.

---

ಕಾನ್ಮನೆ · ಜೂನ್ 7, ರಾತ್ರಿ 10:51

ಅಯ್ಯೋ, ಪುಟ್ಟಸ್ವಾಮಿಯವರ ಮಾತು ನೋಡಿದ ಕೂಡಲೇ ಮಾಡಿಬಿಟ್ಟೆ. ಸಿ ಡ್ರೈವ್‌ಗೆ ಹಾಕಿದೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಆಮೇಲೆ ಸಿ ಡ್ರೈವ್‌ನಲ್ಲಿ ಏನಿದೆ ಅಂತ ಪಟ್ಟಿ ಕೇಳಿದರೆ ಫೈಲೇ ಇಲ್ಲ ಅನ್ನುತ್ತದೆ!! ಎಲ್ಲ ಹೋಯ್ತಾ? ಅಪ್ಪನಿಗೆ ಏನು ಹೇಳಲಿ?

---

ನಿಧಾನಿ · ಜೂನ್ 7, ರಾತ್ರಿ 11:08

ಕಾನ್ಮನೆ, ನೀರು ಕುಡಿಯಿರಿ. ಏನೂ ಹೋಗಿಲ್ಲ.

ವಿಂಡೋಸ್ 7 ಹಾಕುವಾಗ ಡಿಸ್ಕಿನ ಮೊದಲಲ್ಲಿ 100 ಎಂಬಿಯ ಒಂದು ಪುಟ್ಟ ಭಾಗ ಮಾಡಿಕೊಳ್ಳುತ್ತದೆ, ಸಿಸ್ಟಮ್ ರಿಸರ್ವ್ಡ್ ಅಂತ. ಮಾಮೂಲಿಯಾಗಿ ಅದಕ್ಕೆ ಅಕ್ಷರ ಇರುವುದಿಲ್ಲ, ಕಾಣುವುದೂ ಇಲ್ಲ. ರಿಪೇರಿ ಪರದೆಗೆ ಬಂದಾಗ ಅದಕ್ಕೇ ಸಿ ಅಂತ ಹೆಸರು ಬೀಳುತ್ತದೆ, ನಿಮ್ಮ ನಿಜವಾದ ಸಿ ಅಲ್ಲಿ ಡಿ ಆಗಿರುತ್ತದೆ. ನೀವು ಚೆಕ್‌ಡಿಸ್ಕ್ ಹಾಕಿದ್ದು ಆ 100 ಎಂಬಿಗೆ. ಅದರೊಳಗಿನ ಫೈಲುಗಳೆಲ್ಲ ಮುಚ್ಚಿಟ್ಟವು, ಹಾಗಾಗಿ ಖಾಲಿ ಅನ್ನಿಸಿತು. ಡಿ ಕೋಲನ್ ಹೊಡೆದು ಪಟ್ಟಿ ಕೇಳಿ. ವಿಂಡೋಸ್, ಯೂಸರ್ಸ್, ಪ್ರೋಗ್ರಾಂ ಫೈಲ್ಸ್ ಕಾಣುತ್ತವೆ.

ಮೈಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ನಾನು. ಈ ಸಿ-ಡಿ ಗಲಿಬಿಲಿಯಲ್ಲಿ ಅತ್ತ ಮಕ್ಕಳಿಗೆ ಲೆಕ್ಕವಿಲ್ಲ.

---

ಕಾನ್ಮನೆ · ಜೂನ್ 7, ರಾತ್ರಿ 11:15

ಇದೆ ಅಕ್ಕಾ, ಎಲ್ಲ ಇದೆ! ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ 1,140 ಫೈಲ್ ತೋರಿಸುತ್ತಿದೆ. ಇದನ್ನು ಹೊರಗೆ ತೆಗೆಯುವುದು ಹೇಗೆ? ಲಿನಕ್ಸ್ ಪೆನ್‌ಡ್ರೈವ್ ಮಾಡಬೇಕು ಅಂತಾರೆ. ನಮ್ಮನೇಲಿ ಬೇರೆ ಕಂಪ್ಯೂಟರ್ ಇಲ್ಲ, ಫೋನ್ ಮಾತ್ರ.

---

ನಿಧಾನಿ · ಜೂನ್ 7, ರಾತ್ರಿ 11:29

ಲಿನಕ್ಸ್ ಬೇಡ. ಅದೇ ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ಪೆನ್‌ಡ್ರೈವ್ ಚುಚ್ಚಿ. ಫೈಲ್, ಓಪನ್. ಕೆಳಗೆ ಟೆಕ್ಸ್ಟ್ ಫೈಲ್ ಅಂತ ಇರುವುದನ್ನು ಆಲ್ ಫೈಲ್ಸ್ ಮಾಡಿ. ಈಗ ಆ ಓಪನ್ ಕಿಟಕಿಯೇ ನಿಮ್ಮ ಮೈ ಕಂಪ್ಯೂಟರ್. ಡಿ ಒಳಗೆ ಯೂಸರ್ಸ್, ಅಪ್ಪನ ಹೆಸರು, ಡೆಸ್ಕ್‌ಟಾಪ್. ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಕಾಪಿ. ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಓಪನ್ ಬಟನ್ ಮಾತ್ರ ಒತ್ತಬೇಡಿ.

ಮೊದಲು ಬರಹದ ಫೈಲುಗಳು, ಫೋಟೋ ಆಮೇಲೆ.

---

ಸ್ಕ್ರೂಡ್ರೈವರ್ ಹುಬ್ಬಳ್ಳಿ · ಜೂನ್ 7, ರಾತ್ರಿ 11:41

ಅಕ್ಕಾರ, ಇಷ್ಟ್ ವರ್ಷ ಅಂಗಡಿ ನಡಸೀನಿ, ಈ ನೋಟ್‌ಪ್ಯಾಡ್ ಯುಕ್ತಿ ಗೊತ್ತಿದ್ದಿಲ್ಲ ನೋಡ್ರಿ. ಪ್ರತಿ ಸಲ ಡಿಸ್ಕ್ ಬಿಚ್ಚಿ ಇನ್ನೊಂದು ಮಷಿನ್ನಿಗೆ ಹಚ್ಚಿ ಕಾಪಿ ತಗೀತಿದ್ದೆ.

---

ಕಾನ್ಮನೆ · ಜೂನ್ 8, ಬೆಳಿಗ್ಗೆ 6:50

ಬಂತು! ಪೇಸ್ಟ್ ಮಾಡಿದ ಮೇಲೆ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಏನೂ ಬರಲಿಲ್ಲ, ನಿಂತೇ ಹೋಯಿತು ಅಂದುಕೊಂಡಿದ್ದೆ. ಪೆನ್‌ಡ್ರೈವ್ ದೀಪ ಮಿನುಗುತ್ತಿತ್ತು, ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ 1.4 ಜಿಬಿ ಪೂರ್ತಿ ಬಂದಿದೆ.

ಆದರೆ ಹೊಸ ಭಯ. ಪೆನ್‌ಡ್ರೈವನ್ನು ಫೋನಿಗೆ ಹಾಕಿ ಒಂದು ಫೈಲ್ ತೆರೆದೆ. ಕನ್ನಡ ಒಂದಕ್ಷರ ಇಲ್ಲ. ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೆರೆ, ಚುಕ್ಕೆ, ಟೋಪಿ. ಎಲ್ಲ ಫೈಲೂ ಹಾಗೇ. ಕಾಪಿ ಆಗುವಾಗ ಕೆಟ್ಟುಹೋಯ್ತಾ?

---

ಅಚ್ಚುಮೊಳೆ · ಜೂನ್ 8, ಬೆಳಿಗ್ಗೆ 7:35

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ, ಇದು ನನ್ನ ಇಲಾಖೆ. ಶಿವಮೊಗ್ಗದಲ್ಲಿ ಡಿಟಿಪಿ ಮಾಡ್ತೀನಿ.

ಕೆಟ್ಟಿಲ್ಲ. ಹಳೇ ನುಡಿ ಫೈಲಿನಲ್ಲಿ ನಿಜವಾಗಿ ಕನ್ನಡ ಇರೋದೇ ಇಲ್ಲ. ಒಳಗೆ ಇರೋದು ಆ ಗೆರೆ-ಟೋಪಿ ಅಕ್ಷರಗಳೇ. ಅವುಗಳಿಗೆ ಕನ್ನಡದ ವೇಷ ಹಾಕೋದು ನುಡಿ ಫಾಂಟು. ಅಪ್ಪನ ಕಂಪ್ಯೂಟರಿನಲ್ಲಿ ಆ ಫಾಂಟು ಇತ್ತು, ನಿಮ್ಮ ಫೋನಿನಲ್ಲಿ ಇಲ್ಲ. ವೇಷ ಕಳಚಿದ ಪಾತ್ರಧಾರಿ ಚೌಕಿಮನೇಲಿ ಕೂತ ಹಾಗೆ ಅಷ್ಟೆ. ಬರಹ ತಂತ್ರಾಂಶದ ಹಳೇ ಬಿಆರ್‌ಎಚ್ ಫಾಂಟುಗಳದ್ದೂ ಶ್ರೀಲಿಪಿಯದ್ದೂ ಇದೇ ಕಥೆ, ಆದರೆ ಒಂದೊಂದರ ಸಂಕೇತ ಒಂದೊಂದು ಥರ.

ಯುನಿಕೋಡ್‌ಗೆ (ಫೋನಿನಲ್ಲೂ ಕನ್ನಡವಾಗೇ ಕಾಣೋ ಸಂಕೇತ) ಬದಲಾಯಿಸೋ ಕನ್ವರ್ಟರ್‌ಗಳು ಇವೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗ್ತವೆ. ಮೊದಲು ಫೈಲಿನಲ್ಲಿ ಫಾಂಟಿನ ಹೆಸರು ಏನಿದೆ ನೋಡಿ, ಆಮೇಲೆ ಅದಕ್ಕೆ ತಕ್ಕ ಕನ್ವರ್ಟರ್ ಹಾಕಿ. ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವೊತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣೋ ಹಾಗೆ ಅಕ್ಷರ ಆದಮೇಲೆ ಕೂತಿರುತ್ತೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಒಳ್ಳೇ ಕನ್ವರ್ಟರ್ ಅದನ್ನ ಎತ್ತಿ ಅಕ್ಷರಕ್ಕಿಂತ ಮೊದಲು ಇಡುತ್ತೆ, ಕೆಟ್ಟದ್ದು ಅರ್ಥವನ್ನ ಅನರ್ಥ ಮಾಡುತ್ತೆ. ಇನ್ನೊಂದು, ಮಧ್ಯೆ ಇಂಗ್ಲಿಷ್ ಪದಗಳಿದ್ರೆ ಅವನ್ನೂ ಕನ್ನಡ ಅಂತ ತಿಳಿದು ಕಲಸುಮೇಲೋಗರ ಮಾಡುತ್ತೆ. ಮೂಲ ಫೈಲ್ ಯಾವತ್ತೂ ಅಳಿಸಬೇಡಿ.

---

ಕಾನ್ಮನೆ · ಜೂನ್ 8, ಬೆಳಿಗ್ಗೆ 8:10

ಒಂದು ಪುಟ ಬದಲಾಯಿಸಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ಓದಿ, ಕರ್ಣಪರ್ವದ ಟಿಪ್ಪಣಿಯಲ್ಲಿ ಎರಡು ತಪ್ಪು ಹುಡುಕಿದರು. ಅಂದರೆ ಮಾತು ಶುರುವಾಗಿದೆ. 🙂

ಈಗ ವಿಂಡೋಸ್ ಏಳಿಸುವ ದಾರಿ ಹೇಳಿ. ಅಪ್ಪನಿಗೆ ಆ ಸಿಪಿಯು, ಆ ಕೀಬೋರ್ಡೇ ಬೇಕಂತೆ.

---

ಪುಟ್ಟಸ್ವಾಮಿ ಪಿಸಿ · ಜೂನ್ 8, ಬೆಳಿಗ್ಗೆ 8:42

ಈಗಲಾದ್ರೂ ಫಾರ್ಮ್ಯಾಟ್ ಅನ್ನಬಹುದಾ? 😄 ಬೇಡ ಅಂದ್ರೆ ವಿಂಡೋಸ್ ಶುರು ಮಾಡೋ ಭಾಗ ಸರಿಪಡಿಸೋ ಬೂಟ್‌ರೆಕ್ ಕಮಾಂಡ್ ಇದೆ: ಫಿಕ್ಸ್ ಎಂಬಿಆರ್, ಫಿಕ್ಸ್ ಬೂಟ್, ರೀಬಿಲ್ಡ್ ಬಿಸಿಡಿ. ಅದೂ ಆಗ್ಲಿಲ್ಲ ಅಂದ್ರೆ ಸಿಸ್ಟಮ್32 ಒಳಗೆ ಕಾನ್ಫಿಗ್, ಅದರೊಳಗೆ ರೆಗ್‌ಬ್ಯಾಕ್ ಅಂತ ಫೋಲ್ಡರ್ ಇರುತ್ತೆ. ರಿಜಿಸ್ಟ್ರಿಯ ಹಳೇ ಪ್ರತಿ. ಆ ಐದು ಫೈಲನ್ನ ಮೇಲಿನ ಫೋಲ್ಡರಿಗೆ ಹಾಕಿದ್ರೆ ಎಷ್ಟೋ ಸಲ ಎದ್ದು ಬಿಡುತ್ತೆ.

---

ನಿಧಾನಿ · ಜೂನ್ 8, ಬೆಳಿಗ್ಗೆ 9:20

ರೆಗ್‌ಬ್ಯಾಕ್ ಒಳ್ಳೆಯ ನೆನಪು ಪುಟ್ಟಸ್ವಾಮಿ. ವಿಂಡೋಸ್ 7ರಲ್ಲಿ ಅದು ನಿಜವಾಗಿಯೂ ಕೈ ಹಿಡಿಯುತ್ತದೆ. ಓದುವ ಬೇರೆಯವರಿಗೆ ಒಂದು ಮಾತು: ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಮೈಕ್ರೋಸಾಫ್ಟ್ ಆ ಪ್ರತಿ ತೆಗೆಯುವುದನ್ನೇ ನಿಲ್ಲಿಸಿದೆ. ಫೈಲಿನ ಹೆಸರಿರುತ್ತದೆ, ಗಾತ್ರ ಸೊನ್ನೆ. ಹಳೇ ಬರಹ ಓದಿಕೊಂಡು ಆ ಸೊನ್ನೆಯನ್ನು ನಿಜವಾದ ರಿಜಿಸ್ಟ್ರಿ ಮೇಲೆ ಹಾಕಿದರೆ ಇದ್ದದ್ದೂ ಹೋಗುತ್ತದೆ.

ಆದರೆ ಇಲ್ಲಿ ಇನ್ನೂ ರೋಗ ಏನೆಂದೇ ಗೊತ್ತಿಲ್ಲ. ಕಾನ್ಮನೆ, ಮೂರು ಪ್ರಶ್ನೆ.

ಆನ್ ಆದಾಗ ಎಫ್8 ಒತ್ತುತ್ತಾ ಇರಿ, ಪಟ್ಟಿ ಬರುತ್ತದೆ. ಅದರಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸುವ ಸಾಲೊಂದಿದೆ, ಅದನ್ನು ಆರಿಸಿ. ನೀಲಿ ಪರದೆ ನಿಲ್ಲುತ್ತದೆ. ಸ್ಟಾಪ್ ಅಂತ ಇರುವ ಕಡೆ ಕೊನೆಯ ಎರಡು ಅಕ್ಷರ ಏನು?

ಅದಕ್ಕೂ ಮೊದಲು, ವಿಂಡೋಸ್ ಚಿತ್ರ ಬರುವುದಕ್ಕೆ ಮುಂಚಿನ ಕಪ್ಪು ಪರದೆಯಲ್ಲಿ ಏನಾದರೂ ಬರೆದಿರುತ್ತದೆಯಾ?

ರಿಪೇರಿ ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡೇಟ್ ಅಂತ ಹೊಡೆದರೆ ಯಾವ ವರ್ಷ ತೋರಿಸುತ್ತದೆ?

---

ಕಾನ್ಮನೆ · ಜೂನ್ 8, ಮಧ್ಯಾಹ್ನ 1:05

ನೀಲಿ ಪರದೆಯ ಕೊನೆಯಲ್ಲಿ 7ಬಿ ಅಂತ ಇದೆ. ಸೇಫ್ ಮೋಡ್ ಸಹ ನೋಡಿದೆ, ಫೈಲ್ ಹೆಸರುಗಳು ಸಾಲಾಗಿ ಓಡಿ ಕ್ಲಾಸ್‌ಪಿಎನ್‌ಪಿ ಎಂಬಲ್ಲಿ ನಿಂತು ಮತ್ತೆ ನೀಲಿ. ಆ ಫೈಲೇ ಕೆಟ್ಟಿದೆಯಾ?

ವರ್ಷ 2011 ತೋರಿಸುತ್ತಿದೆ, ಜನವರಿ 1.

ಕಪ್ಪು ಪರದೆಯಲ್ಲಿ ಸಿಮೋಸ್ ಚೆಕ್‌ಸಮ್ ಸರಿಯಿಲ್ಲ, ಮೂಲ ಸೆಟ್ಟಿಂಗ್ ಹಾಕಲಾಗಿದೆ, ಎಫ್1 ಒತ್ತಿ ಎಂಬರ್ಥದ ಸಾಲು ಬರುತ್ತದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ನಾನು ನೋಡಿಯೇ ಇರಲಿಲ್ಲ. ಆನ್ ಮಾಡುವುದು ಅಪ್ಪ. ಕೇಳಿದ್ದಕ್ಕೆ, ‘ಎಂತೋ ಬಂದಿತ್ತು ಮಾರಾಯ, ಎಫ್1 ಒತ್ತು ಹೇಳಿತ್ತು, ಒತ್ತಿದೆ’ ಅಂದರು.

---

ಸ್ಕ್ರೂಡ್ರೈವರ್ ಹುಬ್ಬಳ್ಳಿ · ಜೂನ್ 8, ಮಧ್ಯಾಹ್ನ 1:12

ಹಾಂ! ಸಿಕ್ತು ನೋಡ್ರಿ ಕಳ್ಳ. ಸೆಲ್ ಹೋಗೇತಿ.

---

ನಿಧಾನಿ · ಜೂನ್ 8, ಮಧ್ಯಾಹ್ನ 2:40

ಹೌದು, ಸೆಲ್ಲು. ಆದರೆ ಸೆಲ್ ಹೋದದ್ದಕ್ಕೂ ವಿಂಡೋಸ್ ಬೀಳುವುದಕ್ಕೂ ನಡುವೆ ಒಂದು ಕೊಂಡಿ ಇದೆ. ಅದು ತಿಳಿಯದೆ ಸೆಲ್ ಒಂದನ್ನೇ ಬದಲಾಯಿಸಿದರೆ ಕಂಪ್ಯೂಟರ್ ಏಳುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇದೆ. ಗಡಿಯಾರ ಓಡಿಸುವುದು, ಬಯೋಸ್ (ಆನ್ ಮಾಡಿದಾಗ ವಿಂಡೋಸಿಗಿಂತ ಮೊದಲು ಏಳುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಟ್ಟಿಂಗ್ ನೆನಪಿಡುವುದು ಅದರ ಕೆಲಸ. ಸಿಪಿಯು ವೈರು ಗೋಡೆಯ ಪ್ಲಗ್ಗಿನಲ್ಲಿದ್ದು ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಆಗಿದ್ದರೂ ಒಳಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಸೆಲ್ಲಿಗೆ ಹೆಚ್ಚು ಕೆಲಸ ಬೀಳುವುದಿಲ್ಲ. ಹಾಗಾಗಿ ಸತ್ತ ಸೆಲ್ ಇಟ್ಟುಕೊಂಡೂ ವರ್ಷಗಟ್ಟಲೆ ನಡೆದುಬಿಡುತ್ತದೆ. ನೀವು ಹತ್ತು ದಿನ ಮದುವೆಗೆ ಹೋಗುವಾಗ ಸಿಡಿಲಿಗೆ ಹೆದರಿ ವೈರು ಕಿತ್ತಿಟ್ಟು ಹೋಗಿರುತ್ತೀರಿ. ಹೌದೋ ಅಲ್ಲವೋ?

ಅಲ್ಲಿಗೆ ಬಯೋಸ್ ಎಲ್ಲ ಮರೆತಿತು. 2011ಕ್ಕೆ ಹೋಯಿತು, ಕಾರ್ಖಾನೆಯ ಮೂಲ ಸೆಟ್ಟಿಂಗಿಗೆ ಬಂತು. ಅದರಲ್ಲಿ ಒಂದು ಸೆಟ್ಟಿಂಗ್ ನಿಮ್ಮ ಪ್ರಾಣ ತಿಂದಿದೆ: ಸಾಟಾ ಮೋಡ್. ಹಾರ್ಡ್ ಡಿಸ್ಕಿನ ಜೊತೆ ಹಳೆಯ ಐಡಿಇ ಭಾಷೆಯಲ್ಲಿ ಮಾತಾಡಬೇಕೋ ಹೊಸ ಎಎಚ್‌ಸಿಐ ಭಾಷೆಯಲ್ಲೋ ಎಂಬುದು. ನಿಮ್ಮ ಬೋರ್ಡಿನ ಮೂಲ ಸೆಟ್ಟಿಂಗ್ ಎಎಚ್‌ಸಿಐ ಇರಬೇಕು. ಆದರೆ 2011ರಲ್ಲಿ ಜೋಡಿಸಿದವರು ಅದನ್ನು ಐಡಿಇ ಮಾಡಿ ವಿಂಡೋಸ್ ಹಾಕಿದ್ದಾರೆ ಅಂತ ನನ್ನ ಲೆಕ್ಕ. ಆ ಕಾಲದಲ್ಲಿ ಎಲ್ಲರಿಗೂ ಅದೇ ರೂಢಿ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲಿಲ್ಲ, ಐಡಿಇ ಮಾಡದಿದ್ದರೆ ಎಕ್ಸ್‌ಪಿ ಡಿಸ್ಕನ್ನೇ ಗುರುತಿಸುತ್ತಿರಲಿಲ್ಲ. 7 ಬಂದ ಮೇಲೂ ಕೈ ಅದೇ ಅಭ್ಯಾಸದಲ್ಲಿತ್ತು.

ವಿಂಡೋಸ್ 7 ಐಡಿಇಯಲ್ಲಿ ಹಾಕಿಸಿಕೊಂಡಾಗ, ಎಎಚ್‌ಸಿಐ ಡ್ರೈವರ್ ಡಿಸ್ಕಿನಲ್ಲಿ ಇದ್ದರೂ ಶುರುವಿನಲ್ಲೇ ಅದನ್ನು ಎಬ್ಬಿಸಬೇಕಿಲ್ಲ ಅಂತ ಬರೆದಿಟ್ಟುಕೊಳ್ಳುತ್ತದೆ. ಈಗ ಬಯೋಸ್ ಹೊಸ ಭಾಷೆ ಮಾತಾಡುತ್ತಿದೆ, ವಿಂಡೋಸಿಗೆ ಅರ್ಥವಾಗುತ್ತಿಲ್ಲ, ಅರ್ಧ ಎದ್ದು ಡಿಸ್ಕೇ ಸಿಗುತ್ತಿಲ್ಲ ಅಂತ ಬೀಳುತ್ತದೆ. 7ಬಿ ಅಂದರೆ ಇದೇ. ಕ್ಲಾಸ್‌ಪಿಎನ್‌ಪಿ ಪಾಪದ್ದು, ಬೀಳುವ ಮುಂಚೆ ಪರದೆಗೆ ಬಂದ ಕೊನೆಯ ಹೆಸರು ಅಷ್ಟೆ.

ರಿಪೇರಿ ಪರದೆಗೆ ಮಾತ್ರ ಡಿಸ್ಕ್ ಹೇಗೆ ಕಂಡಿತು? ಅದು ಪುಟ್ಟ ಬೇರೆಯದೇ ವಿಂಡೋಸ್, ಎರಡೂ ಭಾಷೆಯ ಡ್ರೈವರ್ ಇಟ್ಟುಕೊಂಡು ಮೆಮೊರಿಯಲ್ಲಿ ಏಳುತ್ತದೆ. ಅದಕ್ಕೇ ನೋಟ್‌ಪ್ಯಾಡ್ ನಡೆಯಿತು. ಅದಕ್ಕೇ ರಿಸ್ಟೋರ್ ಯಶಸ್ವಿಯಾಯಿತು, ಆದರೆ ಫಲ ಕೊಡಲಿಲ್ಲ. ಮೇ ತಿಂಗಳ ರಿಜಿಸ್ಟ್ರಿಗೂ ಐಡಿಇ ಮಾತ್ರ ಗೊತ್ತು. ರೋಗ ವಿಂಡೋಸಿನ ಹೊರಗಿದೆ, ಔಷಧಿ ಒಳಗೆ ಹಾಕುತ್ತಿದ್ದಿರಿ.

ಈಗ ಮಾಡಬೇಕಾದ್ದು: ಆನ್ ಆದ ಕೂಡಲೇ ಡೆಲ್ ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ. ಸಾಟಾ ಮೋಡ್ ಹುಡುಕಿ, ಐಡಿಇ ಮಾಡಿ. ದಿನಾಂಕ ಸರಿಪಡಿಸಿ. ಎಫ್10 ಒತ್ತಿ ಉಳಿಸಿ ಹೊರಬನ್ನಿ. ಬದಲಾಯಿಸುವ ಮೊದಲು ಆ ಪರದೆಯ ಫೋಟೋ ತೆಗೆದುಕೊಳ್ಳಿ.

---

ಕಾನ್ಮನೆ · ಜೂನ್ 8, ಸಂಜೆ 5:18

ಎದ್ದಿತು!!! ಡೆಸ್ಕ್‌ಟಾಪ್ ಬಂತು! ಅಕ್ಕಾ, ಕೈ ಮುಗಿದೆ. ವೈರು ಕಿತ್ತಿಟ್ಟು ಹೋಗಿದ್ದೂ ನಿಜ, ಕಿತ್ತದ್ದು ನಾನೇ. ಸಾಟಾ ಮೋಡ್ ಎಎಚ್‌ಸಿಐ ಅಂತಲೇ ಇತ್ತು.

---

ಪುಟ್ಟಸ್ವಾಮಿ ಪಿಸಿ · ಜೂನ್ 8, ಸಂಜೆ 5:33

ಮೇಡಂ ನಮ್ಮ ಹೊಟ್ಟೆ ಮೇಲೆ ಹೊಡೆದ್ರು. ಇದೇ ಥರ ಎಷ್ಟು ಸಿಪಿಯು ಫಾರ್ಮ್ಯಾಟ್ ಹೊಡೆದಿದೀನೋ ದೇವರಿಗೇ ಗೊತ್ತು.

---

ಕಾನ್ಮನೆ · ಜೂನ್ 9, ಬೆಳಿಗ್ಗೆ 7:22

ಮತ್ತೆ ನೀಲಿ. ಅದೇ 7ಬಿ. ಅದೇ 2011. ರಾತ್ರಿ ಗುಡುಗು ಇತ್ತು...

---

ಕರಾವಳಿ ಕಡ್ಡಿ · ಜೂನ್ 9, ಬೆಳಿಗ್ಗೆ 7:30

...ಅಪ್ಪ ವೈರು ಕಿತ್ತರು. 😂 ಸೆಲ್ ತನ್ನಿ ಮಾರಾಯ್ರೆ, ಸೆಲ್ ತನ್ನಿ.

---

ಸ್ಕ್ರೂಡ್ರೈವರ್ ಹುಬ್ಬಳ್ಳಿ · ಜೂನ್ 9, ಬೆಳಿಗ್ಗೆ 9:02

ಸಿಆರ್2032 ಅಂತ ಕೇಳ್ರಿ. 20 ಅಂದ್ರ 20 ಮಿಲಿಮೀಟರ್ ಅಗಲ, 32 ಅಂದ್ರ 3.2 ಮಿಲಿಮೀಟರ್ ದಪ್ಪ. 2025 ಕೊಟ್ರ ಒಯ್ಯಬ್ಯಾಡ್ರಿ, ಅದು ತೆಳ್ಳಗ ಆಗಿ ಸಡಲ ಕೂಡತೈತಿ. ಗಡಿಯಾರ ರಿಪೇರಿ ಅಂಗಡ್ಯಾಗೂ ಸಿಗತೈತಿ. ಮನ್ಯಾಗ ಮೀಟರ್ ಇದ್ರ ಹಳೇದನ್ನ ಅಳದು ನೋಡ್ರಿ, ಹೊಸಾದು 3 ವೋಲ್ಟ್ ತೋರಸಬೇಕು.

ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗಿನ ಕರೆಂಟ್ ಇಳಸ್ರಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಆಮ್ಯಾಲೆ ಕೈ ಒಳಗ ಹಾಕ್ರಿ. ಬದಿಗೆ ಸಣ್ಣ ಕ್ಲಿಪ್ ಇರತೈತಿ, ಅದನ್ನ ಸರಸಿದ್ರ ಸೆಲ್ ತಾನ ಜಿಗಿದು ಬರತೈತಿ. ಪ್ಲಸ್ ಗುರ್ತು ಮ್ಯಾಲೆ ಬರಬೇಕು. ಮನ್ಯಾಗ ಸಣ್ಣ ಹುಡುಗೂರು ಇದ್ರ ಹಳೇ ಸೆಲ್ ಅವರ ಕೈಗೆ ಸಿಗದಂಗ ಇಡ್ರಿ, ನುಂಗಿದ್ರ ಭಾಳ ಕೆಟ್ಟದ್ದು.

---

ಕಾನ್ಮನೆ · ಜೂನ್ 10, ರಾತ್ರಿ 8:45

ಸೆಲ್ ಹಾಕಿದೆ, 40 ರೂಪಾಯಿ. ಹಳೆಯದು ಮೀಟರಿನಲ್ಲಿ 1.9 ತೋರಿಸಿತು. ಮತ್ತೆ ಐಡಿಇ ಮಾಡಿ, ಬೇಕೆಂದೇ ಎರಡು ತಾಸು ವೈರು ಕಿತ್ತಿಟ್ಟು ನೋಡಿದೆ. ಗಡಿಯಾರ ಸರಿ ಇದೆ, ವಿಂಡೋಸ್ ಎದ್ದಿದೆ.

ನಿನ್ನೆ ಸಂಜೆ ಪೇಟೆಗೆ ಹೋದಾಗ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನೂ ತಂದೆ. ಫೋಟೋ ಕಾಪಿ ಆಗ್ತಾ ಇದೆ. ಡಿ ಡ್ರೈವ್‌ಗೂ ಒಂದು ಪ್ರತಿ ಹಾಕಿಟ್ಟಿದ್ದೇನೆ.

---

ಕರಾವಳಿ ಕಡ್ಡಿ · ಜೂನ್ 10, ರಾತ್ರಿ 9:01

ಡಿ ಡ್ರೈವ್‌ನ ಪ್ರತಿ ಲೆಕ್ಕಕ್ಕಿಲ್ಲ. ಸಿ, ಡಿ ಎರಡೂ ಅದೇ ಒಂದು ಡಿಸ್ಕಿನ ಎರಡು ಕೋಣೆ, ಮಾಡು ಕುಸಿದರೆ ಎರಡೂ ಹೋಗ್ತದೆ. ಒಮ್ಮೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನನಗೆ ಇನ್ನೂ ಅನುಮಾನ ಉಂಟು.

---

ಕಾನ್ಮನೆ · ಜೂನ್ 10, ರಾತ್ರಿ 9:26

ಹಳದಿ ಬಣ್ಣ, ಕಾಶನ್ ಅಂತ ಇದೆ. ರೀಅಲೊಕೇಟೆಡ್ ಸೆಕ್ಟರ್ 24.

---

ಕರಾವಳಿ ಕಡ್ಡಿ · ಜೂನ್ 10, ರಾತ್ರಿ 9:31

ನೋಡಿದಿರಾ. ಈ ಸಲದ ರೋಗ ಅದಲ್ಲ, ಆದರೆ ಮುಂದಿನ ಸಲದ್ದು ಅದೇ ಇರಬಹುದು. ಆ 24 ಜಾಗ ಕೆಟ್ಟು, ಡಿಸ್ಕ್ ತನ್ನ ಮೀಸಲು ಜಾಗಕ್ಕೆ ಸರಿಸಿಕೊಂಡಿದೆ. ತಿಂಗಳಿಗೊಮ್ಮೆ ನೋಡಿ, ಸಂಖ್ಯೆ ಏರ್ತಾ ಹೋದರೆ ಡಿಸ್ಕ್ ಬದಲಾಯಿಸಿ.

---

ಪುಟ್ಟಸ್ವಾಮಿ ಪಿಸಿ · ಜೂನ್ 10, ರಾತ್ರಿ 9:50

ಹೇಗೂ ಬದಲಾಯಿಸೋದಾದ್ರೆ ಸಾಟಾ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕು) ಹಾಕಿ, ಆ ಬೋರ್ಡಿಗೆ ಕೂರುತ್ತೆ, ಹತ್ತು ವರ್ಷ ಚಿಕ್ಕದಾಗುತ್ತೆ ಸಿಪಿಯು. ಎಎಚ್‌ಸಿಐ ಬೇಕು ಅಂದ್ರೆ ಮೊದಲು ವಿಂಡೋಸ್ ಒಳಗೆ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಸೇವೆಯ ಸ್ಟಾರ್ಟ್ ಬೆಲೆ 3 ಇರೋದನ್ನ 0 ಮಾಡಿ, ಆಮೇಲೆ ಬಯೋಸ್ ಬದಲಾಯಿಸಿ. ಉಲ್ಟಾ ಮಾಡಿದ್ರೆ ಮತ್ತೆ 7ಬಿ. (ನೋಡಿ, ಫಾರ್ಮ್ಯಾಟ್ ಅನ್ನದೇ ಒಂದು ಸಲಹೆ ಕೊಟ್ಟೆ.)

ಇಂಟರ್ನೆಟ್ ಮಾತ್ರ ಅದರಲ್ಲಿ ಬೇಡ. ವಿಂಡೋಸ್ 7ಕ್ಕೆ ಕ್ರೋಮ್ 109ಕ್ಕೇ ನಿಂತಿದೆ. ಬ್ಯಾಂಕು ಗೀಂಕು ಎಲ್ಲ ಫೋನಿನಲ್ಲೇ ಮಾಡ್ಕೊಳ್ಳಿ.

---

ಕಾನ್ಮನೆ · ಜೂನ್ 11, ಬೆಳಿಗ್ಗೆ 6:40

ಇಂಟರ್ನೆಟ್ ವೈರು ಕಿತ್ತಿದ್ದೇನೆ, ಅಪ್ಪನಿಗೆ ಅದರ ಕೊರತೆ ಗೊತ್ತೇ ಆಗಿಲ್ಲ. ಆದರೆ ಬೆಳಿಗ್ಗೆ ಆನ್ ಮಾಡಿ ನನ್ನನ್ನು ಕರೆದರು. ಎಫ್1 ಒತ್ತು ಹೇಳಿ ಬರಲಿಲ್ಲ, ಏನಾದರೂ ಹಾಳಾಗಿದೆಯಾ ನೋಡು ಅಂತ.

---

ಅಚ್ಚುಮೊಳೆ · ಜೂನ್ 11, ಬೆಳಿಗ್ಗೆ 8:15

😂😂 ಕರ್ಣಪರ್ವದ ಆ ಎರಡು ತಪ್ಪು ಕನ್ವರ್ಟರಿನದ್ದಾ, ಅಪ್ಪ ಟೈಪ್ ಮಾಡಿದ್ದಾ ಕೇಳಿ ಹೇಳಿ. ಅರ್ಕಾವೊತ್ತಿನದ್ದಾದ್ರೆ ಬೇರೆ ಕನ್ವರ್ಟರ್ ಹೇಳ್ತೀನಿ.

---

ಕಾನ್ಮನೆ · ಜೂನ್ 11, ಬೆಳಿಗ್ಗೆ 8:50

ಒಂದು ಅರ್ಕಾವೊತ್ತು. ಇನ್ನೊಂದು ಅಪ್ಪನದ್ದೇ, 2014ರಲ್ಲಿ ಮಾಡಿದ್ದು. ಒಪ್ಪಿಕೊಳ್ಳಲು ಅರ್ಧ ತಾಸು ತೆಗೆದುಕೊಂಡರು.

---

ಹೊಸಬ ತುಮಕೂರು · ಆಗಸ್ಟ್ 23, ರಾತ್ರಿ 10:17

ಹಳೇ ಚರ್ಚೆ ಎಬ್ಬಿಸ್ತಿರೋದಕ್ಕೆ ಕ್ಷಮಿಸಿ. ನಮ್ಮ ಮನೆ ಕಂಪ್ಯೂಟರೂ ಹೀಗೇ ನೀಲಿ ಆಗ್ತಿದೆ, ವಿಂಡೋಸ್ 7ನೇ. ಇದನ್ನ ಓದಿ ಬಯೋಸ್‌ಗೆ ಹೋಗಿ ಐಡಿಇ ಮಾಡಿದೆ, ಆಗ್ಲಿಲ್ಲ. ಎಎಚ್‌ಸಿಐ ಮಾಡಿದೆ, ಆಗ್ಲಿಲ್ಲ. ಸೆಲ್ಲೂ ಹೊಸದು ಹಾಕಿದೆ. ಈಗ ಫಾರ್ಮ್ಯಾಟ್ ಒಂದೇನಾ ದಾರಿ?

---

ನಿಧಾನಿ · ಆಗಸ್ಟ್ 23, ರಾತ್ರಿ 10:41

ಮೊದಲು ಮೋಡ್ ಯಾವುದಿತ್ತೋ ಅದಕ್ಕೇ ವಾಪಸ್ ಇಡಿ. ಆಮೇಲೆ ಎಫ್8 ಒತ್ತಿ ನೀಲಿ ಪರದೆ ನಿಲ್ಲಿಸಿ. ಕೊನೆಯ ಎರಡು ಅಕ್ಷರ ಏನಿದೆ?